ಬೂದಿಯಿಂದ ಮೆರುಗು: ತಿಗರಿ ಹಿಡಿದ ತಮ್ಮನಿಗೆ ಕಿವಿಮಾತು

ತಮ್ಮಾ, ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಬಂದು ಧುಪದಾಳದಲ್ಲೇ ಭಟ್ಟಿ ಹಾಕುತ್ತೇನೆ ಅಂದೆ. ಕೇಳಿ ಮನಸ್ಸು ತುಂಬಿತು. ನಮ್ಮ ಹಿರಿಯರು ಕುಳ್ಳು, ಹುಲ್ಲು, ಜಾಲಿ ಕಟ್ಟಿಗೆ ಒಟ್ಟಿ ಸುಡುತ್ತಿದ್ದ ಆವಿಗೆಯ ಕಾವು 800–900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅಷ್ಟು ಕಾವಿನಲ್ಲಿ ಬೂದಿ ಬೂದಿಯಾಗಿಯೇ ಉಳಿಯುತ್ತದೆ. ನೀನು ಹೊರಟಿರುವುದು 1,280 ಡಿಗ್ರಿಗೆ. ಅಲ್ಲಿ ಅದೇ ಬೂದಿ ಮಣ್ಣಿನ ಜೊತೆ ಕರಗಿ ಗಾಜಾಗುತ್ತದೆ. ಚೀನಾದ ಕುಂಬಾರರು ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ಕಂಡರು. ಕಟ್ಟಿಗೆ ಭಟ್ಟಿಯಲ್ಲಿ ಹಾರಿದ ಬೂದಿ ಗಡಿಗೆಯ ಹೆಗಲ ಮೇಲೆ ಕೂತು ತಾನೇ ಹಸಿರು ಮೆರುಗಾಗಿತ್ತು. ನಮ್ಮ ಘಟಪ್ರಭೆಯ ಹೊಳೆಸಾಲಿನ ಕುಂಬಾರರಿಗೆ ಈ ಕೆಲಸ ಹೊಸದು. ಅದಕ್ಕೇ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಭಟ್ಟಿಯ ಶೆಡ್ಡಿನ ಗೋಡೆಗೆ ಅಂಟಿಸಿಕೋ.

• ಮೊದಲು ಇದನ್ನು ತಲೆಯಲ್ಲಿ ಇಟ್ಟುಕೋ: ಬೂದಿ ಅನ್ನುವುದು ಒಂದೇ ಸರಕಲ್ಲ. ಜಾಲಿ, ಬೇವು, ಹುಣಸೆಯಂಥ ಗಟ್ಟಿ ಮರದ ಬೂದಿಯಲ್ಲಿ ಸುಣ್ಣದ ಅಂಶವೇ ಹೆಚ್ಚು. ಜೊತೆಗೆ ಪೊಟ್ಯಾಶ್, ಮೆಗ್ನೀಷಿಯಾ, ಸ್ವಲ್ಪ ರಂಜಕ ಇರುತ್ತವೆ. ಇವೆಲ್ಲ ಕರಗಿಸುವ ಅಂಶಗಳು. ಕಬ್ಬು, ಜೋಳ, ಭತ್ತ ಹುಲ್ಲಿನ ಜಾತಿಯವು. ಅವು ನೆಲದ ಸಿಲಿಕಾವನ್ನು ಹೀರಿಕೊಂಡು ಎಲೆ, ದಂಟು, ಹೊಟ್ಟಿನಲ್ಲಿ ಕೂಡಿಡುತ್ತವೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಹತ್ತಿರಹತ್ತಿರ 90 ಭಾಗ ಸಿಲಿಕಾ. ಕಬ್ಬಿನ ಸಿಪ್ಪೆಯ ಬೂದಿಯಲ್ಲೂ ಅರ್ಧಕ್ಕಿಂತ ಹೆಚ್ಚು ಅದೇ. ಸುಣ್ಣದ ಬೂದಿ ಹರಿಯುತ್ತದೆ, ಸಿಲಿಕಾದ ಬೂದಿ ತಡೆದು ನಿಲ್ಲುತ್ತದೆ. ಪುಸ್ತಕದಲ್ಲಿ ‘ಬೂದಿ 40 ಭಾಗ’ ಎಂದು ಬರೆದವರು ತಮ್ಮೂರಿನ ಮರ ಸುಟ್ಟು ಬರೆದಿದ್ದಾರೆ. ನಿನ್ನ ಒಲೆಯ ಬೂದಿ ಅವರು ಕಂಡದ್ದಲ್ಲ. ಒಂದೇ ಜಾಲಿಯಲ್ಲೂ ತೊಗಟೆಯ ಬೂದಿ ಬೇರೆ, ತಿರುಳಿನ ಬೂದಿ ಬೇರೆ. ಎರೆಹೊಲದ ಬದುವಿನ ಗಿಡವೇ ಬೇರೆ, ಗೋಕಾಕದ ಕಲ್ಲುಗುಡ್ಡದ ಗಿಡವೇ ಬೇರೆ.

• ನಮ್ಮ ಸೀಮೆಯ ಭಾಗ್ಯ ಏನೆಂದರೆ ಎರಡೂ ಬಗೆಯ ಬೂದಿ ಕೈಯಳತೆಯಲ್ಲಿವೆ. ಕಬ್ಬಿನ ಹಂಗಾಮಿನಲ್ಲಿ ಬೆಲ್ಲದ ಗಾಣದ ಒಲೆಗೆ ಉರಿಯುವುದು ಒಣಗಿದ ಸಿಪ್ಪೆ. ಬೆಳಿಗ್ಗೆ ಒಲೆ ತಣ್ಣಗಾದಾಗ ಹೋಗಿ ಕೇಳು, ಬೇಡ ಅನ್ನುವವರಿಲ್ಲ. ಆದರೆ ಉರಿ ಹಚ್ಚಲು ಏನು ಹಾಕಿದರು, ನಡುವೆ ಕಟ್ಟಿಗೆಯನ್ನೋ ಹಳೆ ಟೈರನ್ನೋ ಸೇರಿಸಿದರೋ ಎಂದು ವಿಚಾರಿಸಿಯೇ ತೆಗೆದುಕೋ. ಸಂಕೇಶ್ವರದ ಹಿರಣ್ಯಕೇಶಿಯಿಂದ ಹಿಡಿದು ಸುತ್ತಲಿನ ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳಿಗೂ ಸಿಪ್ಪೆಯೇ ಇಂಧನ. ಬಾಯ್ಲರ್ ಬೂದಿ ತರುವುದಾದರೆ ಒಂದು ಮಾತು ಕೇಳಲೇಬೇಕು: ಆ ಹೊತ್ತಿನಲ್ಲಿ ಕಲ್ಲಿದ್ದಲು ಸೇರಿಸಿ ಉರಿಸಿದ್ದಾರೋ? ಕಲ್ಲಿದ್ದಲ ಬೂದಿಯಲ್ಲಿ ಅಲ್ಯುಮಿನಾ, ಕಬ್ಬಿಣ ಹೆಚ್ಚು. ಅದು ಬೆರೆತರೆ ನಿನ್ನ ಲೆಕ್ಕವೆಲ್ಲ ತಪ್ಪುತ್ತದೆ. ಮರದ ಬೂದಿಗೆ ಖಾನಾವಳಿ, ಬೇಕರಿ ಒಲೆಗಳಿವೆ. ವರ್ಷವಿಡೀ ಒಂದೇ ಜಾತಿಯ ಕಟ್ಟಿಗೆ ಉರಿಸುವವರನ್ನು ಹುಡುಕು. ಬಳ್ಳಾರಿ ಜಾಲಿ ಉರಿಸುವವರು ಸಿಕ್ಕರೆ ಬಿಡಬೇಡ. ಆ ಗಿಡಕ್ಕೆ ಕೊರತೆಯೂ ಇಲ್ಲ, ಕಡಿದರೆ ಮರುಗುವವರೂ ಇಲ್ಲ.

• ಹೋಳಿಯಲ್ಲಿ ಕಾಮಣ್ಣನನ್ನು ಸುಟ್ಟ ಬೂದಿ ರಾಶಿರಾಶಿ ಕಾಣುತ್ತದೆಂದು ತುಂಬಿಕೊಂಡು ಬರಬೇಡ. ಬಣ್ಣ ಬಳಿದ ಬಾಗಿಲು, ಪ್ಲೈವುಡ್, ಪ್ಲಾಸ್ಟಿಕ್, ಮೊಳೆ ಎಲ್ಲವೂ ಅದರೊಳಗೆ ಇರುತ್ತವೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಹುಳು ಹಿಡಿಯದಂತೆ ಔಷಧಿ ಹಾಕಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಉಣ್ಣುವ ತಟ್ಟೆಗೆ ಅಂಥ ಬೂದಿ ತಾಗಲೇಬಾರದು.

• ಧುಪದಾಳದ ಒಡ್ಡಿನ ಹಿಂದಿನ ನೀರು, ಅದರ ನಡುಗಡ್ಡೆ, ದಂಡೆ ಎಲ್ಲ ಘಟಪ್ರಭಾ ಪಕ್ಷಿಧಾಮ. ಅಲ್ಲಿಯ ಕಟ್ಟಿಗೆಗೆ, ಹೂಳಿಗೆ ಕೈ ಹಾಕಬೇಡ. ಒಣಗಿ ನಿಂತ ಮರವೂ ಹಕ್ಕಿಗೆ ಗೂಡು. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಅಲ್ಲಿಗೇ ಇಳಿಯುತ್ತವೆ. ಹೊಲದ ಬದುವಿನ ಕಟ್ಟಿಗೆ ನಮಗೆ ಸಾಕು.

• ಒಣ ಕಟ್ಟಿಗೆ ನೂರು ಕಿಲೋ ಉರಿದರೆ ಉಳಿಯುವ ಬೂದಿ ಸುಮಾರಾಗಿ ಒಂದು ಕಿಲೋ, ಎಷ್ಟೋ ಸಲ ಅದಕ್ಕೂ ಕಡಿಮೆ. ಸೋಸಿ ತೊಳೆದ ಮೇಲೆ ಇನ್ನೂ ಇಳಿಯುತ್ತದೆ. ಆದ್ದರಿಂದ ಒಂದು ಮುಷ್ಟಿ ಬೂದಿಯಲ್ಲಿ ಚೆಂದದ ಮೆರುಗು ಕಂಡಿತೆಂದು ಹಿಗ್ಗಿ ಐವತ್ತು ಬಟ್ಟಲಿಗೆ ಮುಂಗಡ ಹಿಡಿಯಬೇಡ. ಮೊದಲು ಒಂದೇ ಮೂಲದ ಬೂದಿ ಪೀಪಾಯಿಗಟ್ಟಲೆ ಕೂಡಿಸು. ಎಲ್ಲವನ್ನೂ ನೆಲದ ಮೇಲೆ ಸುರಿದು, ನೀರು ಚಿಮುಕಿಸಿ, ಸಲಿಕೆಯಿಂದ ಮೇಲೆ ಕೆಳಗೆ ಮಾಡಿ ಒಂದಾಗಿಸು. ಪರೀಕ್ಷೆ ಆಮೇಲೆ. ಕೂಡಿಸುವ ಮೊದಲೇ ಪರೀಕ್ಷೆ ಮಾಡಿದರೆ ನೀನು ಪರೀಕ್ಷಿಸಿದ ಬೂದಿಯೇ ಬೇರೆ, ಬಟ್ಟಲಿಗೆ ಹಚ್ಚುವ ಬೂದಿಯೇ ಬೇರೆಯಾಗುತ್ತದೆ.

• ಪ್ರತಿ ಪೀಪಾಯಿಯ ಮೇಲೆ ಬರೆ: ಯಾವ ಗಿಡ, ಯಾರ ಒಲೆ, ಯಾವ ತಿಂಗಳು, ತೊಳೆದದ್ದೋ ಇಲ್ಲವೋ. ಮುಚ್ಚಳದ ಮೇಲೆ ಬರೆಯಬೇಡ, ಮುಚ್ಚಳಗಳು ಅದಲುಬದಲಾಗುತ್ತವೆ.

• ಬೂದಿ ಒಣಗಿರುವಾಗ ಮುಖಕ್ಕೆ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ. ನೀರಿಗೆ ಬಿದ್ದ ಮೇಲೆ ಕೈಗೆ ರಬ್ಬರ್ ಗವಸು. ಮನೆಯಲ್ಲಿ ಅಜ್ಜಿಯರು ಬೂದಿಯಿಂದ ಪಾತ್ರೆ ಬೆಳಗಿದ್ದನ್ನು ಕಂಡು ಬೆಳೆದವರು ನಾವು, ಅದಕ್ಕೆ ಬೂದಿ ಅಂದರೆ ಅಂಜಿಕೆ ಇಲ್ಲ. ಆದರೆ ಪೀಪಾಯಿಗಟ್ಟಲೆ ಬೂದಿ ನೆನೆಸಿದ ನೀರು ಕ್ಷಾರ. ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. ಸಿಪ್ಪೆಯ ಬೂದಿ, ಬೆಣಚುಕಲ್ಲಿನ ಪುಡಿ ಇವುಗಳ ನವಿರು ಧೂಳು ಎದೆಗೂಡಿಗೆ ಇಳಿದರೆ ಮತ್ತೆ ಹೊರಬರುವುದಿಲ್ಲ. ಕಸಬರಿಗೆಯಿಂದ ನೆಲ ಗುಡಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು. ಮಕ್ಕಳನ್ನು ಆ ಕೋಣೆಯೊಳಗೆ ಬಿಡಲೇಬೇಡ.

• ತೊಳೆಯಬೇಕೋ ಬೇಡವೋ ಅನ್ನುವುದು ಕುಂಬಾರರ ನಡುವೆ ಮುಗಿಯದ ಚರ್ಚೆ. ನನ್ನ ಮಾತು: ಶುರುವಿಗೆ ತೊಳೆ. ಬೂದಿಯನ್ನು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರಿಗೆ ಸುರಿ. ಇದ್ದಿಲ ಚೂರು ತೇಲುತ್ತವೆ, ತೆಗೆದುಹಾಕು. ಚೆನ್ನಾಗಿ ಕದಡಿ ಮೊದಲು ಮನೆಯ ಸಾಣಿಗೆಯಲ್ಲಿ, ಆಮೇಲೆ 60 ಮೆಶ್ ಜರಡಿಯಲ್ಲಿ ಸೋಸು. ರಾತ್ರಿಯೆಲ್ಲ ತಳಕ್ಕೆ ಕೂರಲಿ. ಬೆಳಿಗ್ಗೆ ಮೇಲಿನ ಹಳದಿ ನೀರನ್ನು ಬಸಿ. ಗವಸು ಹಾಕಿದ ಬೆರಳಿಗೂ ಆ ನೀರು ಸೋಪಿನಂತೆ ಜಾರುತ್ತದೆ. ಕರಗಿದ ಪೊಟ್ಯಾಶ್ ಅದು. ಎರಡು ಮೂರು ಸಲ ನೀರು ಬದಲಿಸಿದರೆ ಜಾರು ಕಡಿಮೆಯಾಗುತ್ತದೆ. ತಳದ ಕೆಸರನ್ನು ಸುಟ್ಟ, ಮೆರುಗು ಹಾಕದ ಪರಾತದಲ್ಲಿ ಬಿಸಿಲಿಗೆ ಇಡು, ನೀರನ್ನು ಮಣ್ಣೇ ಹೀರುತ್ತದೆ. ಬಸಿದ ನೀರನ್ನು ಕಾಲುವೆಗೆ ಬಿಡಬೇಡ. ಆ ಕಾಲುವೆಯ ನೀರು ಊರೂರಿನ ಹೊಲಕ್ಕೆ ಹೋಗುತ್ತದೆ.

ತೊಳೆಯದ ಬೂದಿಯ ಮೆರುಗು ಹೆಚ್ಚು ಹರಿಯುತ್ತದೆ, ಹೆಚ್ಚು ಚೆಲುವೂ ಹೌದು. ಆದರೆ ಅದರ ಪೊಟ್ಯಾಶ್ ನೀರಿನ ಜೊತೆ ಹೊರಟು, ಬಟ್ಟಲು ಒಣಗುವಾಗ ಅಂಚಿಗೆ ಬಂದು ಕೂಡುತ್ತದೆ. ಅಂಚು ಒಂದು ಥರ, ಹೊಟ್ಟೆ ಇನ್ನೊಂದು ಥರ ಆಗುತ್ತದೆ. ಬಕೆಟ್ಟಿನಲ್ಲಿ ಇಟ್ಟಷ್ಟೂ ದಿನ ಆ ಮೆರುಗು, ಅಂದರೆ ಗ್ಲೇಜು, ಬದಲಾಗುತ್ತಲೇ ಇರುತ್ತದೆ. ಕೈ ಕುದುರಿದ ಮೇಲೆ ಬೇಕಾದರೆ ಅದನ್ನೂ ಮಾಡು. ಆಗ ಬೇಕಾದಷ್ಟೇ ಕಲಸಿ ಅಂದೇ ಮುಗಿಸು.

• ಯಾವ ಸೂತ್ರಕ್ಕೂ ಮೊದಲು ಬೂದಿಯೊಂದನ್ನೇ ಸುಟ್ಟು ನೋಡು. ಸ್ಟೋನ್‌ವೇರ್ ಮಣ್ಣಿನ ಚಿಕ್ಕ ಬಟ್ಟಲಲ್ಲಿ ಒಂದು ಚಮಚ, ಇನ್ನೊಂದು ಬಿಲ್ಲೆಯ ಮೇಲೆ ತೆಳ್ಳಗೆ ಬಳಿದದ್ದು. ಬಟ್ಟಲ ತಳದಲ್ಲಿ ಹಸಿರು ಗಾಜಿನ ಮಡು ನಿಂತರೆ ಅದು ಕರಗಿಸುವ ಬೂದಿ. ಪುಡಿಯಾಗಿಯೇ ಉಳಿದು ಬಿಳಿ ಹೆಪ್ಪು ಕಟ್ಟಿದರೆ ಎರಡು ಅರ್ಥ: ಸಿಲಿಕಾ ಹೆಚ್ಚಿರಬೇಕು, ಇಲ್ಲವೇ ಸುಣ್ಣ ವಿಪರೀತವಿರಬೇಕು. ಬಳಿದ ಬಿಲ್ಲೆ ಅದನ್ನು ಬಿಡಿಸಿ ಹೇಳುತ್ತದೆ. ಸುಣ್ಣದ ಬೂದಿಗೆ ಬಿಲ್ಲೆಯ ಮಣ್ಣು ಸಿಕ್ಕೊಡನೆ ಕರಗಿ ಹೊಳೆಯುತ್ತದೆ. ಸಿಪ್ಪೆಯ ಬೂದಿ ಅಲ್ಲೂ ಒರಟಾಗಿಯೇ ಕೂರುತ್ತದೆ. ಯಾವ ಪ್ರಯೋಗಾಲಯಕ್ಕೂ ಕಳಿಸದೆ ನಿನ್ನ ಬೂದಿಯ ಗುಣ ಅರ್ಧ ಗೊತ್ತಾಯಿತು.

• ಮರದ ಬೂದಿಗೆ ಹಳೆಯ ನಂಬಿಗೆಯ ಶುರು: ಬೂದಿ 40, ಫೆಲ್ಡ್‌ಸ್ಪಾರ್ 40, ಚೀನಾ ಕ್ಲೇ 20. ಇಂಗ್ಲೆಂಡಿನ ಬರ್ನಾರ್ಡ್ ಲೀಚ್ 1940ರಲ್ಲಿ ತನ್ನ ಕುಂಬಾರಿಕೆಯ ಪುಸ್ತಕ ಪ್ರಕಟಿಸಿದ ಮೇಲೆ ಲೋಕದ ಸ್ಟೋನ್‌ವೇರ್ ಕುಂಬಾರರ ಬಾಯಲ್ಲೆಲ್ಲ ಈ ಬಗೆಯ ಎರಡು-ಎರಡು-ಒಂದರ ಲೆಕ್ಕವೇ. ಸಿಪ್ಪೆಯ ಬೂದಿಗೆ ಬೇರೆ ಶುರು: ಸಿಪ್ಪೆ ಬೂದಿ, ಮರದ ಬೂದಿ, ಫೆಲ್ಡ್‌ಸ್ಪಾರ್ ಮೂರೂ ಸಮ. ಜಪಾನಿನಲ್ಲಿ ಭತ್ತದ ಹೊಟ್ಟಿನ ಬೂದಿಯಿಂದ ‘ನುಕಾ’ ಎಂಬ ಹಾಲುಬಿಳಿ ಗ್ಲೇಜು ಮಾಡುವುದು ಇದೇ ದಾರಿಯಲ್ಲಿ. ನಮ್ಮ ಗಾಣದ ಬೂದಿಗೂ ಆ ಹಾಲುಬಿಳಿ ಒಲಿಯುವ ಗುಣವಿದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಆಸೆ ಇರುವುದೂ ಅಲ್ಲೇ. ಕಬ್ಬಿನ ನಾಡಿನ ಬಟ್ಟಲಿಗೆ ಕಬ್ಬಿನದೇ ಬಿಳುಪು ಸಿಗಬೇಕು.

• ಎರೆಮಣ್ಣನ್ನು ಬಿಡಬೇಡ. ದಖ್ಖನ್ನಿನ ಕರಿಕಲ್ಲು ಸವೆದು ಆದ ಮಣ್ಣದು, ಕಬ್ಬಿಣ ತುಂಬಿದೆ, ಬೇಗ ಕರಗುತ್ತದೆ. ಪಾತ್ರೆ ಮಾಡಲು 1,280ರಲ್ಲಿ ಅದು ನಿಲ್ಲದು: ಉಬ್ಬಿ, ಕುಸಿದು, ಭಟ್ಟಿಯ ಹಾಸುಗಲ್ಲಿಗೆ ಅಂಟುತ್ತದೆ. ಮೊದಲ ಸಲ ಸುಡುವಾಗ ಯಾವ ಊರಮಣ್ಣನ್ನೇ ಆಗಲಿ ಫೈರ್‌ಕ್ಲೇ ತಟ್ಟೆಯಲ್ಲಿಟ್ಟೇ ಸುಡು. ಕುಸಿದುಹೋಗುವ ಅದೇ ಮಣ್ಣು ಗ್ಲೇಜಿನೊಳಗೆ ಬಂಗಾರ. ಜಾಲಿ ಬೂದಿ ಅರ್ಧ, ಎರೆಮಣ್ಣು ಅರ್ಧ ಬೆರೆಸಿದರೆ ಜೇನುಬಣ್ಣದಿಂದ ಕಡುಕಂದಿನವರೆಗೆ ಏನಾದರೂ ಒಂದು ಬರುತ್ತದೆ. ನೆನೆಸಿ ಸೋಸುವಾಗ ಸುಣ್ಣದ ಹರಳುಗಳನ್ನು ತೆಗೆ. ಎರೆಮಣ್ಣು ಒಣಗುವಾಗ ಬಿರಿಯುವುದನ್ನು ಹೊಲದಲ್ಲೇ ನೋಡಿದ್ದೀ. ಬಟ್ಟಲ ಮೇಲೂ ಹಾಗೇ ಬಿರಿದು, ಸುಡುವಾಗ ಗ್ಲೇಜು ಗುಂಪುಗುಂಪಾಗಿ ಹಿಮ್ಮೆಟ್ಟುತ್ತದೆ. ಅರ್ಧದಷ್ಟನ್ನು 700–800 ಡಿಗ್ರಿಯಲ್ಲಿ ಸುಟ್ಟು ಪುಡಿ ಮಾಡಿ ಹಸಿಯದರ ಜೊತೆ ಬೆರೆಸಿದರೆ ಆ ಕಾಟ ತಪ್ಪುತ್ತದೆ.

• ಗೋಕಾಕ ಜಲಪಾತ ಧುಮುಕುವ ಬಂಡೆ ಬೆಣಚಿನ ಜಾತಿಯ ಮರಳುಗಲ್ಲು, ಅಂದರೆ ಸಿಲಿಕಾವೇ. ಹಾಗೆಂದು ಕಲ್ಲು ತಂದು ಮನೆಯಲ್ಲಿ ಕುಟ್ಟಬೇಡ, ಆ ಧೂಳು ಕೊಲ್ಲುತ್ತದೆ. 200 ಮೆಶ್ ಪುಡಿ ಚೀಲದಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೊಂಡುಕೋ.

• ಈಗ ಪರೀಕ್ಷೆಯ ಮಾತು. ತಾಳ್ಮೆಯೆಲ್ಲ ಇಲ್ಲಿ ಬೇಕು. ಎರಡು ಸರಕಿದ್ದರೆ ಸಾಲು ಬೆರಕೆ ಮಾಡು: ಬೂದಿ 90 ಮಣ್ಣು 10, ಬೂದಿ 80 ಮಣ್ಣು 20, ಹೀಗೆ ಬೂದಿ 10 ಮಣ್ಣು 90ರವರೆಗೆ. ಒಂಬತ್ತು ಬಿಲ್ಲೆ. ಸುಟ್ಟು ಸಾಲಾಗಿ ಜೋಡಿಸಿದರೆ ಹರಿದು ಹೋದದ್ದರಿಂದ ಒಣಗಿ ನಿಂತದ್ದರವರೆಗೆ ಇಡೀ ದಾರಿ ಕಾಣುತ್ತದೆ. ನಿನಗೆ ಬೇಕಾದದ್ದು ಎರಡು ಬಿಲ್ಲೆಗಳ ನಡುವೆ ಇದೆ ಅನ್ನಿಸಿದರೆ ಆ ನಡುವಿನ ಹತ್ತನ್ನು ಎರಡೆರಡರ ಹೆಜ್ಜೆಯಲ್ಲಿ ಮತ್ತೆ ಒಡೆ.

ಮೂರು ಸರಕಿದ್ದರೆ ಮುಕ್ಕೋನದ ಬೆರಕೆ. ಕಾಗದದ ಮೇಲೆ ತ್ರಿಕೋನ ಗೀಚಿ, ಮೂರು ಮೂಲೆಗೆ ಬೂದಿ, ಫೆಲ್ಡ್‌ಸ್ಪಾರ್, ಮಣ್ಣು ಎಂದು ಬರೆ. 20ರ ಹೆಜ್ಜೆ ಹಾಕಿದರೆ 21 ಬೆರಕೆಗಳಾಗುತ್ತವೆ. 10ರ ಹೆಜ್ಜೆಯಾದರೆ 66. ಮೊದಲು 21 ಸಾಕು. ಪ್ರತಿಯೊಂದನ್ನೂ ತೂಗುವ ಬದಲು ಮೂರು ಮೂಲೆಯ ಸರಕನ್ನು ಒಂದೊಂದು ಬಾಟಲಿಯಲ್ಲಿ ಕಲಸಿಕೋ. ಒಣ ಸರಕಿನ ತೂಕವೂ ಒಟ್ಟು ಅಳತೆಯೂ ಮೂರರಲ್ಲೂ ಒಂದೇ ಇರಲಿ: 200 ಗ್ರಾಂ ಪುಡಿಗೆ ನೀರು ಸೇರಿಸಿ ಒಟ್ಟು 400 ಮಿಲಿ ಎಂದಿಟ್ಟುಕೋ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಬೆರೆಸಿದರಾಯಿತು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹೀರುವ ಮುನ್ನ ಪ್ರತಿ ಸಲವೂ ಬಾಟಲಿ ಕುಲುಕು, ಬೂದಿ ಬಹಳ ಬೇಗ ತಳ ಹಿಡಿಯುತ್ತದೆ.

• ಒಂದು ಸಲಕ್ಕೆ ಒಂದನ್ನೇ ಬದಲಿಸು. ಬೂದಿಯನ್ನೂ ಬದಲಿಸಿ, ದಪ್ಪವನ್ನೂ ಬದಲಿಸಿ, ಕಾವನ್ನೂ ಬದಲಿಸಿದರೆ ಬಂದ ಚೆಲುವಿಗೆ ಕಾರಣ ಯಾವುದೆಂದು ಎಂದಿಗೂ ತಿಳಿಯದು.

• ಪರೀಕ್ಷೆಯ ಬಿಲ್ಲೆ ನಿಂತಿರಬೇಕು. ಬೂದಿ ಗ್ಲೇಜು ಹರಿಯುವ ಜಾತಿ, ಮಲಗಿಸಿದ ಬಿಲ್ಲೆಯಲ್ಲಿ ಅದರ ಸ್ವಭಾವ ಕಾಣುವುದೇ ಇಲ್ಲ. ತಿಗರಿಯ ಮೇಲೆ ತಳವಿಲ್ಲದ ಗೋಡೆ ಎತ್ತಿ, ತುಂಡು ತುಂಡಾಗಿ ಕತ್ತರಿಸು. ಪಾದ ಅಗಲವಿರಲಿ. ಮೈಮೇಲೆ ಗೀರು, ಅಚ್ಚು ಒತ್ತು. ಹರಿಯುವ ಮೆರುಗು ಗೀರಿನಲ್ಲಿ ತುಂಬಿ ಹೇಗೆ ಕಾಣುತ್ತದೆಂದು ನೋಡುವುದಕ್ಕೇ ಅದು. ಕೆಳಗಿನ ಎರಡು ಸೆಂಟಿಮೀಟರ್ ಬರಿದಾಗಿ ಬಿಡು. ಮೇಲರ್ಧವನ್ನು ಎರಡು ಸಲ ಅದ್ದು, ಕೆಳಗರ್ಧ ಒಂದೇ ಸಲ. ಹಿಂಬದಿಗೆ ಸಂಖ್ಯೆಯನ್ನು ಕಬ್ಬಿಣದ ಆಕ್ಸೈಡಿನಲ್ಲಿ ಬರೆ, ಪೆನ್ಸಿಲ್ ಬರಹ ಉರಿದುಹೋಗುತ್ತದೆ. ಪ್ರತಿ ಬಿಲ್ಲೆಯನ್ನೂ ಸುಟ್ಟ ತಟ್ಟೆಯೊಂದರಲ್ಲಿ ನಿಲ್ಲಿಸು, ತಟ್ಟೆಗೆ ಅಲ್ಯುಮಿನಾ ಮತ್ತು ಚೀನಾ ಕ್ಲೇ ಸಮ ಬೆರೆಸಿ ಬಳಿದಿರು. ಹರಿದ ಗ್ಲೇಜು ಭಟ್ಟಿಯ ಹಾಸುಗಲ್ಲಿಗೆ ಅಂಟಿದರೆ ಆ ಕಲ್ಲಿನ ಬೆಲೆ ನಿನ್ನ ಹತ್ತು ಬಟ್ಟಲಿನ ಗಳಿಕೆಯನ್ನು ನುಂಗುತ್ತದೆ.

• ಗ್ಲೇಜಿನ ದಪ್ಪವನ್ನು ಕಣ್ಣಳತೆಗೆ ಬಿಡಬೇಡ. 100 ಮಿಲಿ ಅಳೆದು ತೂಗು. 140ರಿಂದ 150 ಗ್ರಾಂ ಇದ್ದರೆ ಸಾಮಾನ್ಯವಾಗಿ ಸರಿ. ಆ ಅಂಕಿಯನ್ನೂ ನಿನ್ನ ಲೆಕ್ಕದ ಪುಸ್ತಕದಲ್ಲಿ ಬರೆ.

• ಭಟ್ಟಿಯ ಮೀಟರ್ ತೋರಿಸುವುದು ಅದರ ತಂತಿ ಕೂತ ಜಾಗದ ಕಾವನ್ನು ಮಾತ್ರ. ಪ್ರತಿ ಅಂತಸ್ತಿನಲ್ಲೂ ಕಾವಿಗೆ ಬಾಗುವ ಕೋನ್‌ಗಳನ್ನು ಇಡು: 9, 10, 11. ಕಾವಿನ ಜೊತೆ ಹೊತ್ತನ್ನೂ ಲೆಕ್ಕ ಹಿಡಿಯುವುದು ಕೋನ್ ಮಾತ್ರ. ಹತ್ತನೆಯ ಕೋನ್ ಬಾಗುವುದು ಸುಮಾರು 1,280–1,300 ಡಿಗ್ರಿಯಲ್ಲಿ. ಬೂದಿ ಗ್ಲೇಜಿಗೆ ಒಂದು ಕೋನ್ ಹೆಚ್ಚಾದರೆ ಪಾದದ ತನಕ ಇಳಿಯುತ್ತದೆ, ಒಂದು ಕಡಿಮೆಯಾದರೆ ಒಣಗಿ ಕೂರುತ್ತದೆ. ಒಳ್ಳೆಯದೆನಿಸಿದ ಬೆರಕೆಯನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಸುಟ್ಟು ನೋಡಿದ ಮೇಲೆಯೇ ನಂಬು.

• ಗಾಳಿ ಕಡಿಮೆ ಮಾಡಿ ಹೊಗೆಯ ಬೆಂಕಿಯಲ್ಲಿ ಸುಟ್ಟರೆ, ಅಂದರೆ ರಿಡಕ್ಷನ್ ಕೊಟ್ಟರೆ, ನೂರಕ್ಕೆ ಒಂದೆರಡು ಭಾಗ ಕಬ್ಬಿಣ ತಿಳಿಹಸಿರು, ನೀಲಿಹಸಿರು ಕೊಡುತ್ತದೆ. ಗಾಳಿ ಬಿಟ್ಟು ಸುಟ್ಟರೆ ಅದೇ ಹಳದಿ, ಜೇನುಬಣ್ಣ. ಕಬ್ಬಿಣ ಎಂಟು ಹತ್ತು ಭಾಗಕ್ಕೆ ಏರಿದರೆ ಕರಿಗಂದು. ಬೂದಿಯ ರಂಜಕದಿಂದ ಕೆಲವೊಮ್ಮೆ ಹಾಲುನೀಲಿ ಮಬ್ಬು ಮೂಡುತ್ತದೆ. ಅದಕ್ಕೆ ಬಣ್ಣದ ಪುಡಿ ಬೇಡ, ಬೂದಿಯೇ ಸಾಕು. ರಿಡಕ್ಷನ್ ಹೊತ್ತಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ, ಅದಕ್ಕೆ ವಾಸನೆಯಿಲ್ಲ. ಭಟ್ಟಿಯ ಶೆಡ್ಡಿಗೆ ಎರಡು ಕಡೆಯಾದರೂ ತೆರೆದ ಗೋಡೆ ಇರಲಿ.

• ಬಿಲ್ಲೆ ಹೊರಬಂದ ಮೇಲೆ ಮದ್ದು ಹೀಗೆ. ಬಹಳ ಹರಿದರೆ ಚೀನಾ ಕ್ಲೇ ಐದೈದು ಭಾಗ ಏರಿಸು. ಒಣಗಿ ನಿಂತರೆ ಮರದ ಬೂದಿಯನ್ನೋ ಫೆಲ್ಡ್‌ಸ್ಪಾರನ್ನೋ ಏರಿಸು. ಮೈಯೆಲ್ಲ ಕೂದಲೆಳೆ ಬಿರುಕು ಬಂದರೆ ಸಿಲಿಕಾ ಸೇರಿಸು, ಸಿಪ್ಪೆಯ ಬೂದಿಯೂ ಆದೀತು. ಸೂಜಿತೂತು, ಗುಳ್ಳೆ ಕಂಡರೆ ತುದಿಯ ಕಾವಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ನೋಡು. ನಿಧಾನ ತಣಿಸಿದರೆ ಸುಣ್ಣದ ಹರಳು ಬೆಳೆದು ಮೈ ಮಂಕಾಗುತ್ತದೆ, ಬೇಗ ತಣಿಸಿದರೆ ಹೊಳಪು.

• ಚೆಲುವಿಗೆ ಸೋತು ಆರೋಗ್ಯ ಮರೆಯಬೇಡ. ಸುಣ್ಣ ಹೆಚ್ಚಿ ಸಿಲಿಕಾ ಕಡಿಮೆಯಾದ ಬೂದಿ ಗ್ಲೇಜನ್ನು ಹುಳಿ ತಿನ್ನುತ್ತದೆ. ನಮ್ಮ ಕಡೆ ಭರಣಿ ಅಂದರೆ ಉಪ್ಪಿನಕಾಯಿ: ಲಿಂಬೆಹುಳಿ, ಉಪ್ಪು, ವರ್ಷಗಟ್ಟಲೆ ವಾಸ. ಬಿಲ್ಲೆಯ ಅರ್ಧವನ್ನು ವಿನೆಗರ್‌ನಲ್ಲಿ 24 ಗಂಟೆ ಮುಳುಗಿಸಿಡು. ತೆಗೆದು ತೊಳೆದಾಗ ಮುಳುಗಿದ ಭಾಗದ ಬಣ್ಣವೋ ಹೊಳಪೋ ಬದಲಾಗಿದ್ದರೆ ಆ ಗ್ಲೇಜು ಹೂದಾನಿಗೆ ಮಾತ್ರ. ಬದಲಾಗದಿದ್ದರೂ ಮಾರುವ ಮುನ್ನ ಸೀಸ, ಕ್ಯಾಡ್ಮಿಯಂ ತಪಾಸಣೆಗೆ ಒಂದು ಬಟ್ಟಲನ್ನು ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸು. ಊಟದ ಪಾತ್ರೆಯ ಒಳಮೈಗೆ ತಾಮ್ರ, ಮ್ಯಾಂಗನೀಸ್ ಹಾಕಲೇಬೇಡ. ಬೂದಿ, ಮಣ್ಣು, ಕಬ್ಬಿಣ ಇಷ್ಟರಲ್ಲೇ ಒಂದು ಜೀವಮಾನದ ಬಣ್ಣಗಳಿವೆ.

• ನೀರಿನ ಹರವಿಗೆ ಮೆರುಗು ಹಚ್ಚಬೇಡ. ಅದರ ಮೈ ಬೆವರಬೇಕು, ಬೆವರಿದರೇ ನೀರು ತಂಪು. ನಮ್ಮವರ ಕೆಂಪು ಪಾತ್ರೆಗೆ ಅದರದೇ ಮರ್ಯಾದೆ ಇದೆ, ನಿನ್ನ ಹೊಸ ಕೆಲಸ ಅದರ ಪಕ್ಕದಲ್ಲಿ ನಿಲ್ಲಲಿ.

• ಈ ದಾರಿಯಲ್ಲಿ ಮುಂದೆ ನಡೆದವರನ್ನು ತಿಳಿದುಕೋ. ಲೀಚ್ ಬಳಿ ಕಲಿತ ಕ್ಯಾಥರಿನ್ ಪ್ಲೇಡೆಲ್-ಬೂವೆರಿ ಎಂಬ ಹೆಣ್ಣುಮಗಳು 1920ರ ದಶಕದಿಂದ ತನ್ನೂರಿನ ಮರ, ಪೊದೆ, ಹುಲ್ಲುಗಳನ್ನು ಬೇರೆಬೇರೆಯಾಗಿ ಸುಟ್ಟು, ಒಂದೊಂದರ ಗ್ಲೇಜನ್ನೂ ಪರೀಕ್ಷಿಸಿ ದಾಖಲಿಸಿದಳು. ನೀನು ಜಾಲಿ, ಬೇವು, ಹತ್ತಿಕಟ್ಟಿಗೆ, ಜೋಳದ ಕಣಿಕೆ, ಗೋವಿನಜೋಳದ ದಂಟು, ಕಬ್ಬಿನ ರವದಿಗಳಿಗೆ ಅದನ್ನೇ ಮಾಡಬೇಕು. ನಮ್ಮ ದೇಶದಲ್ಲಿ ಹೆಚ್ಚು ಕಾವಿನ ಸ್ಟೋನ್‌ವೇರ್ ಕಲಿಯಲು ಪುದುಚೇರಿಯಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ 1971ರಲ್ಲಿ ಕಟ್ಟಿದ ಗೋಲ್ಡನ್ ಬ್ರಿಜ್ ಪಾಟರಿ ದೊಡ್ಡ ಹೆಸರು. ಅಲ್ಲಿ ಕಲಿತವರು ದೇಶದ ಹಲವು ಕಡೆ ಭಟ್ಟಿ ಹಾಕಿದ್ದಾರೆ. ಕೇಳಿದರೆ ಹೇಳಿಕೊಡುತ್ತಾರೆ, ಕೇಳಲು ಸಂಕೋಚಪಡಬೇಡ. ನಿನ್ನ ಬಿಲ್ಲೆಗಳನ್ನೂ ಬೇರೆಯವರಿಗೆ ತೋರಿಸು, ಲೆಕ್ಕ ಬಚ್ಚಿಡಬೇಡ. ನಿನ್ನ ಬೂದಿ ಅವರ ಬಳಿ ಇಲ್ಲದ ಮೇಲೆ ಬಚ್ಚಿಟ್ಟು ಉಳಿಸುವುದೂ ಏನಿಲ್ಲ.

• ಗಾಣಗಳು ನಿಲ್ಲುವ ಮೊದಲೇ ಮುಂದಿನ ವರ್ಷಕ್ಕೆ ಬೇಕಾದ ಬೂದಿ ಕೂಡಿಸಿ ಒಣಗಿಸಿಡು, ಮಳೆ ಹನಿ ತಾಗಬಾರದು. ಹೊಸ ಪೀಪಾಯಿ ತೆರೆಯುವಾಗ ಹಳೆಯದರಲ್ಲಿ ನಾಲ್ಕು ಕಿಲೋ ಉಳಿಸಿಕೋ. ಎರಡನ್ನೂ ಅಕ್ಕಪಕ್ಕದ ಬಿಲ್ಲೆಗೆ ಹಚ್ಚಿ ಒಂದೇ ಭಟ್ಟಿಯಲ್ಲಿ ಸುಡು. ವ್ಯತ್ಯಾಸ ಕಂಡರೆ ಚೀನಾ ಕ್ಲೇಯನ್ನೋ ಫೆಲ್ಡ್‌ಸ್ಪಾರನ್ನೋ ಹೊಂದಿಸಿಕೊಂಡು, ಹೊಸ ಅಂಕಿಯನ್ನು ಹೊಸ ಪುಟದಲ್ಲಿ ಬರೆದು, ಆಮೇಲೆ ಬಕೆಟ್ ಕಲಸು.